ಹಂಪಿಗೆ ಯಾವ ಲೆನ್ಸ್?

ಕೊರಟಗೆರೆಯಿಂದ ಹಂಪಿಗೆ ಹೊರಟಾಗಲೆಲ್ಲ ನನಗೆ ಒಂದೇ ತಲೆನೋವು. ಯಾವ ಲೆನ್ಸ್ ಒಯ್ಯಲಿ? ಹೋದ ಸಲ 18-55 ಜೂಮ್ ಇತ್ತು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಹತ್ತಿರವೇ ನಿಂತು, 18ಕ್ಕೆ ತಿರುಗಿಸಿ, ಕ್ಯಾಮೆರಾ ಮೇಲೆತ್ತಿ ಕ್ಲಿಕ್ಕಿಸಿದೆ. ಮನೆಗೆ ಬಂದು ನೋಡಿದರೆ ರಥ ಹಿಂದಕ್ಕೆ ಬೀಳುವ ಹಾಗಿದೆ!

ಆಗ ನೆನಪಾದವರು ಅಲೆಗ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ. 1856ರಲ್ಲಿ ಈ ಹಾಳು ಪಟ್ಟಣವನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಒಂದೊಂದೂ ಸುಮಾರು 16x18 ಇಂಚು. ಅಷ್ಟಗಲದ ಕಾಗದ ತುಂಬಬೇಕೆಂದರೆ ಲೆನ್ಸಿನ ಫೋಕಲ್ ಲೆಂಗ್ತೂ ಅದಕ್ಕೆ ತಕ್ಕಂತೆ ದೊಡ್ಡದಿರಬೇಕು. ಜೂಮ್ ಎಲ್ಲಿಂದ ಬರಬೇಕು? ಹಿಂದೆ ಮುಂದೆ ನಡೆದೇ ಜಾಗ ಹುಡುಕಬೇಕಿತ್ತು.

ಅವರ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಪಕ್ಕಪಕ್ಕ ಇಟ್ಟು ನೋಡಿದರೆ ಹೋದದ್ದೇನು, ಉಳಿದದ್ದೇನು ಗೊತ್ತಾಗುತ್ತೆ. ಹತ್ತಿರದ್ದು ಎಷ್ಟು ದೊಡ್ಡದು, ದೂರದ್ದು ಎಷ್ಟು ಚಿಕ್ಕದು ಅನ್ನೋದನ್ನು ತೀರ್ಮಾನಿಸುವುದು ನಾವು ನಿಂತ ಜಾಗ. ಚೌಕಟ್ಟಿನೊಳಗೆ ಎಷ್ಟು ಹಿಡಿಸಬೇಕು ಅನ್ನೋದಷ್ಟೇ ಲೆನ್ಸಿನ ಪಾಲು.

ಹಾಗಾಗಿ ಈ ಸಲ 35 ಎಂಎಂ ಒಂದೇ ಸಾಕು. ಅದಕ್ಕೂ ಮೊದಲು ನಮ್ಮೂರ ಪೇಟೆ ಬೀದಿಯ ಫೋಟೋ ತೆಗೆದು, ನಿಂತ ಜಾಗ, ತಾರೀಖು ಬರೆದಿಡಬೇಕು. ತಾತ ಓಡಾಡಿದ ಆ ಬೀದಿಯ ಒಂದು ಹಳೇ ಫೋಟೋನೂ ನಮ್ಮ ಮನೆಯಲ್ಲಿಲ್ಲ. ನಿಮ್ಮೂರಿನದು ನಿಮ್ಮ ಹತ್ತಿರ ಇದೆಯಾ?