ಕಾಕ್ಲಿಯರ್ ಇಂಪ್ಲಾಂಟ್: ಶಸ್ತ್ರಚಿಕಿತ್ಸೆಯ ಅಪಾಯಗಳು, ಆಮೇಲಿನ ತೊಡಕುಗಳು

ಶ್ರವಣ ಸಾಧನ ಹಾಕಿದರೂ ಮಾತು ಕೇಳಿಸದಷ್ಟು ಕಿವುಡಿದ್ದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸುತ್ತಾರೆ. ಕಿವಿಯ ಹೊರಗೊಂದು ಪ್ರೊಸೆಸರ್, ತಲೆಯ ಚರ್ಮದಡಿ ಅಯಸ್ಕಾಂತವಿರುವ ಗ್ರಾಹಕ, ಅಲ್ಲಿಂದ ಒಳಗಿವಿಯ ಶಂಖಕ್ಕೆ ಇಳಿಯುವ ತೆಳ್ಳನೆಯ ಎಲೆಕ್ಟ್ರೋಡ್ ಎಳೆ: ಇವಿಷ್ಟೂ ಸೇರಿ ಒಂದು ಇಂಪ್ಲಾಂಟ್. ಎರಡು-ಮೂರು ಗಂಟೆಯ ಈ ಶಸ್ತ್ರಚಿಕಿತ್ಸೆಯಲ್ಲಿ ಗಂಭೀರ ತೊಡಕುಗಳು ಅಪರೂಪ. ತಂದೆತಾಯಿಯರ ಭಯವೆಲ್ಲ ಆಪರೇಷನ್ ಥಿಯೇಟರಿನ ಮೇಲೇ ಇರುತ್ತದೆ. ಆದರೆ ಅವರ ಕೈಯಿಂದ ತಡೆಯಬಹುದಾದ ಅಪಾಯಗಳಿರುವುದು ಅದಕ್ಕೆ ಮೊದಲು ಮತ್ತು ಅದಾದ ಮೇಲೆ.

ಮುಖದ ನರದ ಪಕ್ಕದ ದಾರಿ

ಕಿವಿಯ ಹಿಂದಿನ ಮಾಸ್ಟಾಯ್ಡ್ ಮೂಳೆಯನ್ನು ಕೊರೆದು ವೈದ್ಯರು ನಡುಗಿವಿಗೆ ಇಳಿಯುತ್ತಾರೆ. ದಾರಿಯ ಅಗಲ ಕೆಲವೇ ಮಿಲಿಮೀಟರ್. ಒಂದು ಬದಿಗೆ ಮುಖದ ಸ್ನಾಯುಗಳನ್ನು ಆಡಿಸುವ ನರ, ಇನ್ನೊಂದು ಬದಿಗೆ ನಾಲಿಗೆಯ ರುಚಿ ಒಯ್ಯುವ ಸಣ್ಣ ನರ. ತಿರುಗುವ ಡ್ರಿಲ್ಲಿನ ಬಿಸಿಯೂ ನರಕ್ಕೆ ಪೆಟ್ಟು ಮಾಡಬಲ್ಲದು. ಹಾಗಾಗಿ ನೀರು ಹಾಯಿಸುತ್ತಲೇ ಕೊರೆಯುತ್ತಾರೆ. ಕಣ್ಣು, ಬಾಯಿಯ ಬಳಿ ಚುಚ್ಚಿಟ್ಟ ಸೂಜಿಗಳನ್ನು ಮಾನಿಟರಿಗೆ ಜೋಡಿಸಿರುತ್ತಾರೆ. ನರ ಕೆರಳಿದರೆ ಮಾನಿಟರ್ ಸದ್ದು ಮಾಡುತ್ತದೆ. ಮುಖ ಶಾಶ್ವತವಾಗಿ ಸೊಟ್ಟಗಾಗುವುದು ಶೇ 1ಕ್ಕಿಂತ ಕಡಿಮೆ ಮಂದಿಯಲ್ಲಿ. ಊತದಿಂದ ತಡವಾಗಿ ಬರುವ ದೌರ್ಬಲ್ಯ ಸಾಮಾನ್ಯವಾಗಿ ವಾಸಿಯಾಗುತ್ತದೆ. ರುಚಿಯ ನರಕ್ಕೆ ತಗುಲಿದರೆ ಬಾಯಲ್ಲಿ ಕೆಲ ತಿಂಗಳು ಲೋಹದ ರುಚಿ ಉಳಿಯಬಹುದು.

ಸಮತೋಲನದ ಅಂಗವೂ ಒಳಗಿವಿಯದೇ ಭಾಗವಾದ್ದರಿಂದ ಮೊದಲ ದಿನಗಳಲ್ಲಿ ತಲೆಸುತ್ತು ಬರುವುದುಂಟು. ವಯಸ್ಸಾದವರಲ್ಲಿ ಅದು ಹೆಚ್ಚು ಕಾಲ ಕಾಡಬಹುದು. ಆ ಕಿವಿಯಲ್ಲಿ ಅಳಿದುಳಿದ ಸಹಜ ಶ್ರವಣ ಹೋಗಬಹುದೆಂಬುದನ್ನೂ ಮೊದಲೇ ತಿಳಿದಿರಬೇಕು.

ಶಂಖದೊಳಗಿನ ತೊಡಕುಗಳು

ಹುಟ್ಟಿನಿಂದಲೇ ಶಂಖದ ರಚನೆ ಸರಿಯಿಲ್ಲದಿದ್ದರೆ, ಅದನ್ನು ತೆರೆದ ಕೂಡಲೇ ಮಿದುಳಿನ ಸುತ್ತಲಿನ ದ್ರವ ಚಿಮ್ಮಿ ಬರಬಹುದು. ಸ್ನಾಯುವಿನ ತುಣುಕು ತುಂಬಿ ಆ ತೂತನ್ನು ಭದ್ರವಾಗಿ ಮುಚ್ಚಬೇಕಾಗುತ್ತದೆ. ಮೆನಿಂಜೈಟಿಸ್‌ನಿಂದ (ಮಿದುಳು ಪೊರೆಯ ಸೋಂಕಿನಿಂದ) ಕಿವುಡಾದವರಲ್ಲಿ ಶಂಖದೊಳಗೆ ಮೂಳೆ ಬೆಳೆದು ಎಳೆ ಹೋಗಲು ದಾರಿಯೇ ಇಲ್ಲದಂತಾಗಬಹುದು, ಅಂಥವರು ತಡಮಾಡುವಂತಿಲ್ಲ. ಸಿಟಿ, ಎಂಆರ್‌ಐ ಎರಡನ್ನೂ ಮೊದಲೇ ಮಾಡಿಸುವುದು ಇದಕ್ಕಾಗಿಯೇ. ಎಳೆಯ ತುದಿ ಮಡಚಿಕೊಳ್ಳುವುದೂ ಉಂಟು. ಎಕ್ಸ್‌-ರೇ ತೆಗೆದರೆ ಅದು ಅಲ್ಲೇ ಗೊತ್ತಾಗುತ್ತದೆ.

ಮೆನಿಂಜೈಟಿಸ್: 2002ರ ಪಾಠ

ಜೀವಕ್ಕೇ ಕುತ್ತು ತರಬಲ್ಲ ತೊಡಕು ಮಿದುಳು ಪೊರೆಯ ಸೋಂಕು. ನಡುಗಿವಿಯ ಸೋಂಕು ಎಳೆಯ ಗುಂಟ ಒಳಗಿವಿಗೂ, ಅಲ್ಲಿಂದ ಮಿದುಳಿನ ಪೊರೆಗೂ ಹಬ್ಬಬಲ್ಲದು. ಎಳೆಯನ್ನು ಶಂಖದ ಒಳಗೋಡೆಗೆ ಒತ್ತಿ ಹಿಡಿಯಲು ‘ಪೊಸಿಷನರ್’ ಎಂಬ ಬೆಣೆ ಇರುತ್ತಿದ್ದ ಒಂದು ಮಾದರಿಯನ್ನು 2002ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಮರುವರ್ಷ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಇಂಪ್ಲಾಂಟ್ ಪಡೆದ 4,264 ಮಕ್ಕಳಲ್ಲಿ 26 ಮಕ್ಕಳಿಗೆ ಮೆನಿಂಜೈಟಿಸ್ ಬಂದಿತ್ತು. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಆ ವಯಸ್ಸಿನ ಇತರ ಮಕ್ಕಳಿಗಿಂತ 30 ಪಟ್ಟು ಹೆಚ್ಚಿತ್ತು. ಬೆಣೆ ಹೋಯಿತು, ಅಪಾಯ ತಗ್ಗಿತೇ ಹೊರತು ಪೂರ್ತಿ ಹೋಗಲಿಲ್ಲ.

ಆದ್ದರಿಂದ ಯಾವ ಕಂಪನಿಯ ಸಾಧನ ಒಳ್ಳೆಯದೆಂದು ವಿಚಾರಿಸುವ ಮೊದಲು ತಾಯಿ ಕಾರ್ಡಿನ ಲಸಿಕೆಯ ಪುಟ ತೆಗೆದು ನೋಡಬೇಕು. ಭಾರತದಲ್ಲಿ ನ್ಯುಮೋಕಾಕಲ್ ಲಸಿಕೆ (ಪಿಸಿವಿ) ದೇಶದ ಎಲ್ಲ ಕಡೆ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಬಂದದ್ದು 2021ರಲ್ಲಿ: 6 ವಾರ, 14 ವಾರ, 9 ತಿಂಗಳಿಗೆ. ಅದಕ್ಕೂ ಮೊದಲು ಹುಟ್ಟಿದ ಎಷ್ಟೋ ಮಕ್ಕಳಿಗೆ ಅದು ಸಿಕ್ಕಿರಲಿಕ್ಕಿಲ್ಲ. ಎರಡು ವರ್ಷ ತುಂಬಿದ ಮೇಲೆ 23 ಬಗೆಯ ನ್ಯುಮೋಕಾಕಸ್ ಎದುರಿಸುವ ಇನ್ನೊಂದು ಲಸಿಕೆಯೂ ಬೇಕು. ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲೇ ಇವು ಮುಗಿದಿದ್ದರೆ ಒಳ್ಳೆಯದು.

ಇಂಪ್ಲಾಂಟ್ ಇರುವ ಕಿವಿ ಸೋರಿದರೆ ಬೆಚ್ಚಗೆ ಎಣ್ಣೆ ಬಿಟ್ಟು ನೋಡೋಣ ಎಂದು ಕೂರಬಾರದು. ಜ್ವರದ ಜೊತೆ ವಾಂತಿ, ತಲೆನೋವು, ಕತ್ತು ಬಿಗಿತ ಕಂಡರಂತೂ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು.

ಗಾಯ, ಅಯಸ್ಕಾಂತ, ಯಂತ್ರ

ಗಾಯದಲ್ಲಿ ರಕ್ತ ಕಟ್ಟುವುದು, ಕೀವಾಗುವುದು ಬಹುಮಟ್ಟಿಗೆ ಔಷಧಕ್ಕೆ ಬಗ್ಗುತ್ತವೆ. ಆದರೆ ಸಾಧನದ ಮೈಗೇ ಬ್ಯಾಕ್ಟೀರಿಯಾ ಪೊರೆಯಂತೆ ಅಂಟಿಕೊಂಡರೆ ಆಂಟಿಬಯಾಟಿಕ್ ನಾಟುವುದಿಲ್ಲ; ಸಾಧನವನ್ನೇ ತೆಗೆಯಬೇಕಾಗಬಹುದು. ಹೊರಗಿನ ಅಯಸ್ಕಾಂತ ಅತಿ ಬಿಗಿಯಾದರೆ ಚರ್ಮ ಕೆಂಪೇರಿ ಸವೆಯುತ್ತದೆ. ದಿನವೂ ಸ್ನಾನದ ಹೊತ್ತಿಗೆ ಆ ಜಾಗ ಮುಟ್ಟಿ ನೋಡುವುದು ಒಳ್ಳೆಯದು. ಎಂಆರ್‌ಐ ಮಾಡಿಸುವಾಗ ಒಳಗಿನ ಅಯಸ್ಕಾಂತ ಜರುಗಬಹುದು, ಆದ್ದರಿಂದ ಸಾಧನದ ಕಾರ್ಡ್ ತೋರಿಸದೆ ಸ್ಕ್ಯಾನಿಂಗ್ ಕೋಣೆಗೆ ಹೋಗಲೇಬಾರದು.

ಶಬ್ದ ಬಂದಾಗೆಲ್ಲ ಕೆನ್ನೆಯೋ ಕಣ್ಣೋ ಅದುರಿದರೆ ವಿದ್ಯುತ್ ಮುಖದ ನರಕ್ಕೆ ಹರಿಯುತ್ತಿದೆ ಎಂದರ್ಥ. ಆಡಿಯಾಲಜಿಸ್ಟ್ ಮ್ಯಾಪಿಂಗ್‌ನಲ್ಲಿ (ಸಾಧನದ ಮಟ್ಟ ಹೊಂದಿಸುವಾಗ) ಆ ಎಲೆಕ್ಟ್ರೋಡಿನ ಮಟ್ಟ ಇಳಿಸಿಯೋ ಅದನ್ನು ಆರಿಸಿಯೋ ಸರಿಪಡಿಸುತ್ತಾರೆ. ತಲೆಗೆ ಪೆಟ್ಟು ಬಿದ್ದು ಒಳಗಿನ ಯಂತ್ರ ಕೆಡುವುದೂ ಇದೆ. ಮೊನ್ನೆವರೆಗೆ ಕರೆದರೆ ತಿರುಗುತ್ತಿದ್ದ ಮಗು ಇದ್ದಕ್ಕಿದ್ದಂತೆ ತಿರುಗದಿದ್ದರೆ ಬ್ಯಾಟರಿ, ವೈರ್ ಬದಲಿಸಿ ನೋಡಿ, ಆಗಲೂ ಸರಿಹೋಗದಿದ್ದರೆ ತಪಾಸಣೆಗೆ ಒಯ್ಯಬೇಕು. ಕೆಟ್ಟ ಸಾಧನವನ್ನು ತೆಗೆದು ಅದೇ ಕಿವಿಗೆ ಹೊಸದನ್ನು ಹಾಕಲು ಬರುತ್ತದೆ, ಹೆಚ್ಚಿನವರಿಗೆ ಮೊದಲಿನಷ್ಟೇ ಕೇಳಿಸುತ್ತದೆ.