ಬಿಜಾಪುರಕ್ಕೆ ಬಂದ ಗಣಿತಜ್ಞ ಅಮೀರ್ ಫತ್‌ಹುಲ್ಲಾ ಶೀರಾಝೀ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ನಮಗೆ ಬಿಜಾಪುರವೆಂದೊಡನೆ ನೆನಪಾಗುವುದು ರಣದುಲ್ಲಾ ಖಾನನ ದಂಡಯಾತ್ರೆ ಮತ್ತು ಶಿರಾದಲ್ಲಿರುವ ಮಲಿಕ್ ರಿಹಾನರ ಗೋರಿ. ಆ ದಂಡು ಇತ್ತ ಬರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲು ಅದೇ ಆದಿಲ್‌ಶಾಹಿ ರಾಜಧಾನಿಯಲ್ಲಿ ಒಬ್ಬ ಮಹಾ ಗಣಿತಜ್ಞರು ನೆಲೆಸಿದ್ದರು. ಗಣಿತವು ದೀನಿಗೆ ಹೊರತಾದ ವಿದ್ಯೆಯೆಂದು ಭಾವಿಸುವ ಹಿರಿಯರು ನಮ್ಮಲ್ಲಿ ಇನ್ನೂ ಇರುವುದರಿಂದ ಅವರ ಜೀವನವನ್ನು ಅರಿಯುವುದು ಅಗತ್ಯ.

ಇರಾನಿನ ಶೀರಾಝ್‌ನಲ್ಲಿ ಘಿಯಾಸುದ್ದೀನ್ ಮನ್ಸೂರ್ ಮೊದಲಾದ ಗುರುಗಳಲ್ಲಿ ಕಲಿತ ಫತ್‌ಹುಲ್ಲಾರನ್ನು ಒಂದನೆಯ ಅಲಿ ಆದಿಲ್ ಶಾಹ್ ಬಿಜಾಪುರಕ್ಕೆ ಕರೆಸಿಕೊಂಡನು. 1580ರಲ್ಲಿ ಸುಲ್ತಾನನ ಕೊಲೆಯಾಗಿ ರಾಜ್ಯವು ಅಮೀರರ ಕಚ್ಚಾಟಕ್ಕೆ ಸಿಲುಕಿತು. ಅಕ್ಬರನ ಆಹ್ವಾನದ ಮೇರೆಗೆ ಅವರು 1583ರಲ್ಲಿ ಫತೇಪುರ್ ಸಿಕ್ರಿಗೆ ತೆರಳಿದರು.

ಅಲ್ಲಿ ಅವರಿಗೆ ಎದುರಾದದ್ದು ಕಾಲಗಣನೆಯ ಸಮಸ್ಯೆ. ಹಿಜರಿ ವರ್ಷಕ್ಕೆ 354 ದಿನ, ಸೌರ ವರ್ಷಕ್ಕೆ 365. ಈ ಹನ್ನೊಂದು ದಿನಗಳ ಅಂತರದಿಂದಲೇ ನಮ್ಮ ರಮಝಾನ್ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಇಬಾದತ್ತಿಗೆ ಇದು ಅನುಗ್ರಹವೇ. ಆದರೆ ಕೊಯ್ಲು ಬರುವುದು ಸೂರ್ಯನ ಲೆಕ್ಕದಲ್ಲಿ. ಸುಮಾರು 33 ಬೆಳೆ ತೆಗೆಯುವಷ್ಟರಲ್ಲಿ 34 ಚಾಂದ್ರ ವರ್ಷಗಳು ಕಳೆದಿರುತ್ತವೆ. ಕಂದಾಯವನ್ನು ಚಾಂದ್ರ ವರ್ಷದಂತೆ ವಸೂಲು ಮಾಡಿದರೆ ರೈತನು ಬೆಳೆಯದ ಬೆಳೆಗೂ ತೆರಿಗೆ ತೆರಬೇಕು. ಪಾವಗಡದಂಥ ಮಳೆಯಾಶ್ರಿತ ಸೀಮೆಯವರಿಗೆ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಿಲ್ಲ. ರೋಮಿನ ಪೋಪ್ 1582ರಲ್ಲಿ ತಮ್ಮ ಪಂಚಾಂಗವನ್ನು ತಿದ್ದಿಸಿದ್ದರು. ಎರಡೇ ವರ್ಷದಲ್ಲಿ, 1584ರಲ್ಲಿ, ಶೀರಾಝೀ ಗಣಿಸಿದ ಸೌರಮಾನದ ಇಲಾಹಿ ಶಕೆ ಜಾರಿಗೆ ಬಂದಿತು. ಅನೇಕ ಉಲಮಾ ಅದನ್ನು ಸಂಶಯದಿಂದ ಕಂಡರು. ಅಕ್ಬರನ ಧಾರ್ಮಿಕ ಪ್ರಯೋಗಗಳನ್ನು ನೋಡಿದರೆ ಆ ಸಂಶಯ ಸಹಜವೇ. ಆದರೆ ತಪ್ಪು ಲೆಕ್ಕದ್ದಲ್ಲ. ಮರುವರ್ಷ ಅಮೀನುಲ್ ಮುಲ್ಕ್ ಪದವಿ ಪಡೆದು, ರಾಜಾ ತೋಡರಮಲ್ಲನ ಜೊತೆ ಕಂದಾಯದ ಹಳೆಯ ಬಾಕಿ ಲೆಕ್ಕಗಳನ್ನೂ ಅವರು ಇತ್ಯರ್ಥಗೊಳಿಸಿದರು.

ಇತಿಹಾಸಕಾರ ಬದಾಯೂನಿಗೆ ಶಿಯಾ ಪಂಥದ ಶೀರಾಝೀಯವರ ಮೇಲೆ ಒಲವಿರಲಿಲ್ಲ. ಆದರೂ ಬಹಿರಂಗವಾಗಿ ನಮಾಝ್ ಮಾಡಲು ಇತರರು ಅಂಜುತ್ತಿದ್ದ ಆ ದರ್ಬಾರಿನಲ್ಲಿ ಅವರು ನಿಶ್ಚಿಂತೆಯಿಂದ ನಮಾಝ್ ಸಲ್ಲಿಸುತ್ತಿದ್ದುದನ್ನು ಆತನೇ ದಾಖಲಿಸಿದ್ದಾನೆ. ಇಂಥ ವಿದ್ವಾಂಸರು ಅಮೀರರ ಮನೆಗಳಿಗೆ ಹೋಗಿ ಏಳೆಂಟು ವರ್ಷದ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದರು. ಹೊರಗೆ ಅತಿ ವಿನಯಶೀಲರು, ಪಾಠಕ್ಕೆ ಕುಳಿತರೆ ಬೈಗುಳ! ಅದರಿಂದಲೇ ಶಿಷ್ಯರು ಕಡಿಮೆಯಾದರೆಂದು ಬದಾಯೂನಿಯ ಅಭಿಪ್ರಾಯ. ಅಧ್ಯಾಪಕರಾದ ನಾವು ಇದನ್ನು ಗಮನಿಸಬೇಕು.

ಆದರೂ ಶಿಷ್ಯಪರಂಪರೆ ಕಡಿಯಲಿಲ್ಲ. ದವ್ವಾನೀ ಮೊದಲಾದವರ ತರ್ಕ ಮತ್ತು ತತ್ತ್ವಶಾಸ್ತ್ರ ಗ್ರಂಥಗಳು ಅವರಿಂದ ಇಲ್ಲಿನ ಪಾಠದಲ್ಲಿ ನೆಲೆಯೂರಿದವು. ಮುಲ್ಲಾ ಅಬ್ದುಸ್ಸಲಾಮ್ ಲಾಹೋರಿಯವರ ಮೂಲಕ ಆ ವಿದ್ಯೆ ಲಕ್ನೋದ ಫಿರಂಗಿ ಮಹಲನ್ನು ತಲುಪಿತು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯೇ ದರ್ಸೆ ನಿಝಾಮಿ ರೂಪುಗೊಂಡಿತು. ಗಣಿತವೂ ಖಗೋಳವೂ ಅದರ ಅಂಗಗಳಾಗಿದ್ದವು.

1589ರಲ್ಲಿ ಅಕ್ಬರನೊಡನೆ ಕಾಶ್ಮೀರಕ್ಕೆ ಹೋದಾಗ ಅವರಿಗೆ ಜ್ವರ ಬಂದಿತು. ಸ್ವತಃ ವೈದ್ಯರಾಗಿದ್ದ ಅವರು ಹಕೀಮ್ ಅಲಿಯ ಎಚ್ಚರಿಕೆಯನ್ನು ಲೆಕ್ಕಿಸದೆ ಹರೀಸವನ್ನೇ ಮದ್ದೆಂದು ಸೇವಿಸಿದರು. ಜ್ವರ ಇಳಿಯಲಿಲ್ಲ. ಶ್ರೀನಗರದ ತಖ್ತೆ ಸುಲೈಮಾನ್ ಬೆಟ್ಟದಲ್ಲಿ ಅವರನ್ನು ದಫನ ಮಾಡಲಾಯಿತು.