ಹೆಲ್ಮೆಟ್ ಮತ್ತು ಕತ್ತು: ಒಂದು ಆಕ್ಷೇಪದ ಇತಿಹಾಸ

ಹೆಲ್ಮೆಟ್ ತಲೆಯನ್ನು ಉಳಿಸಿದರೂ ತನ್ನ ಭಾರದಿಂದ ಕತ್ತನ್ನು ಮುರಿಯುತ್ತದೆ ಎಂಬ ಆಕ್ಷೇಪಕ್ಕೆ ಬಲ ಬಂದದ್ದು ವೈದ್ಯರ ಅನುಭವದಿಂದಲ್ಲ, ಕಡ್ಡಾಯ ಕಾನೂನಿನ ವಿರುದ್ಧ ಎದ್ದ ವಾದಗಳಿಂದ.

ವೈದ್ಯರ ಅನುಭವ ಬೇರೆಯೇ ಆಗಿತ್ತು. 1935ರ ಮೇ ತಿಂಗಳಲ್ಲಿ 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡಾಗ, ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕರಿದ್ದರು. 1941ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನವು, ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮೋಟಾರ್ ಸೈಕಲ್ ಸವಾರರು ಮತ್ತು ಹಿಂಬದಿ ಸವಾರರು ಸತ್ತದ್ದನ್ನು ದಾಖಲಿಸಿ, ಹೆಲ್ಮೆಟ್ ಧರಿಸಿ ಗಾಯಗೊಂಡಿದ್ದ ಏಳು ಮಂದಿಯೂ ಬದುಕಿದ್ದನ್ನು ತೋರಿಸಿತು. ಏಳು ಸಣ್ಣ ಸಂಖ್ಯೆಯೇ ಆದರೂ ಬ್ರಿಟಿಷ್ ಸೇನೆ ಅದೇ ವರ್ಷ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು.

ಅಮೆರಿಕದಲ್ಲಿ 1966ರ ಕಾಯಿದೆಯು ಹೆದ್ದಾರಿ ಅನುದಾನವನ್ನು ಹೆಲ್ಮೆಟ್ ನಿಯಮಕ್ಕೆ ತಳಕು ಹಾಕಿದ್ದರಿಂದ ಬಹುತೇಕ ರಾಜ್ಯಗಳು ಅದನ್ನು ಒಪ್ಪಿಕೊಂಡವು. 1976ರಲ್ಲಿ ಆ ಒತ್ತಡವನ್ನು ಸಂಸತ್ತು ತೆಗೆದುಹಾಕಿದಾಗ ಹಲವು ರಾಜ್ಯಗಳು ಹಿಂದೆ ಸರಿದವು. 1981ರಲ್ಲಿ ಹ್ಯಾರಿ ಹರ್ಟ್ ಅವರ ತಂಡವು ಲಾಸ್ ಏಂಜಲೀಸ್ ಪ್ರದೇಶದ 900 ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ, ಹೆಲ್ಮೆಟ್‌ನಿಂದ ಕತ್ತಿನ ಗಾಯ ಹೆಚ್ಚುವುದಿಲ್ಲವೆಂದಿತು. ಆದರೆ ಅದೇ ಮಾಹಿತಿಯನ್ನು ಬಳಸಿದ ಅರ್ಥಶಾಸ್ತ್ರಜ್ಞ ಜೊನಾಥನ್ ಗೋಲ್ಡ್‌ಸ್ಟೈನ್ 1986ರಲ್ಲಿ, ಡಿಕ್ಕಿಯ ವೇಗ ಒಂದು ಮಿತಿ ದಾಟಿದರೆ ಹೆಲ್ಮೆಟ್ ಕತ್ತಿನ ಗಾಯವನ್ನು ತೀವ್ರಗೊಳಿಸುತ್ತದೆಂದು ವಾದಿಸಿದರು. ಸುಮಾರು ಒಂದೂವರೆ ಕಿಲೋ ಭಾರ ತಲೆಗೆ ಸೇರಿದಾಗ ಕತ್ತಿನ ಮೇಲೆ ಸೆಳೆತ ಹೆಚ್ಚುತ್ತದೆಂಬ ಊಹೆ ಸಹಜವೇ; ಆದರೆ ಹೆಲ್ಮೆಟ್ಟಿನೊಳಗಿನ ಥರ್ಮಾಕೋಲಿನಂಥ ಪದರವು ನುಗ್ಗಾಗುತ್ತ ಹೊಡೆತದ ಶಕ್ತಿಯನ್ನು ಹೀರಿಕೊಂಡು, ತಲೆ ನಿಲ್ಲುವ ಕ್ಷಣವನ್ನು ತುಸು ಹಿಗ್ಗಿಸುತ್ತದೆ ಎಂಬುದನ್ನು ಆ ಊಹೆ ಗಣಿಸುವುದಿಲ್ಲ.

2008ರ ಕಾಕ್ರೇನ್ ಸಮೀಕ್ಷೆ, ಅಂದರೆ ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವಿಮರ್ಶೆ, ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42, ತಲೆಯ ಗಾಯದ ಅಪಾಯವನ್ನು ಶೇ. 69 ತಗ್ಗಿಸುತ್ತದೆಂದು ಹೇಳಿದರೂ, ಕತ್ತಿನ ವಿಷಯದಲ್ಲಿ ಸಾಕ್ಷ್ಯ ಸಾಲದೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿತು. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಅಮೆರಿಕದ ರಾಷ್ಟ್ರೀಯ ಗಾಯಾಳು ದಾಖಲೆಗಳ 40,000ಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿದಾಗ, ಕತ್ತಿನ ಬೆನ್ನುಮೂಳೆಯ ಗಾಯವು ಹೆಲ್ಮೆಟ್ ಇಲ್ಲದವರಲ್ಲಿ ಶೇ. 4.4, ಧರಿಸಿದವರಲ್ಲಿ ಶೇ. 3.5 ಇತ್ತು. ಆಸ್ಪತ್ರೆ ತಲುಪದೆ ಸ್ಥಳದಲ್ಲೇ ಸತ್ತವರು ಇಂಥ ದಾಖಲೆಗೆ ಸೇರುವುದಿಲ್ಲವೆಂಬ ಮಿತಿಯನ್ನು ಮರೆಯಬಾರದು. ಅಷ್ಟನ್ನು ಒಪ್ಪಿದರೂ, ಕತ್ತಿನ ನೆಪದಿಂದ ಹೆಲ್ಮೆಟ್ ಬೇಡವೆನ್ನುವ ವಾದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.